ಬೊಂಡಾಸಿಗೆ ಒಂದೇ ನಿಮಿಷ

ಡಿಸೆಂಬರ್ 23ರ ರಾತ್ರಿ ನೇಪಲ್ಸ್ ನಗರದ ಪೋರ್ತಾ ನೊಲಾನಾ ಬಳಿಯ ಮೀನು ಮಾರುಕಟ್ಟೆಯಲ್ಲಿ ಬೆಳಗಿನವರೆಗೂ ವ್ಯಾಪಾರ ನಡೆಯುವುದು ಆ ಊರಿನ ಹಳೆಯ ರೂಢಿ. ತೊಟ್ಟಿಗಳಲ್ಲಿ ಜೀವಂತ ಹಾವುಮೀನುಗಳು ಹೊರಳಾಡುತ್ತಿರುತ್ತವೆ. ಚಿಪ್ಪುಜೀವಿಗಳ ರಾಶಿಗೆ ನೀರು ಚಿಮುಕಿಸುತ್ತಲೇ ಇರುತ್ತಾರೆ. ಆಕ್ಟೋಪಸ್ ಕೊಳ್ಳಲು ಬಂದವರು ಅದರ ಕೈಗಳನ್ನು ಎತ್ತಿ, ಹೀರುಬಟ್ಟಲುಗಳು ಎರಡು ಸಾಲಿವೆಯೇ ಎಂದು ನೋಡಿಯೇ ಚೌಕಾಸಿಗೆ ಇಳಿಯುತ್ತಾರೆ. ಎರಡು ಸಾಲಿದ್ದರೆ ಅದು ಅಸಲಿ, ಹೆಚ್ಚು ಬೆಲೆಯದು. ಈ ಗಡಿಬಿಡಿಯೆಲ್ಲ ಮರುದಿನದ ರಾತ್ರಿ ಊಟಕ್ಕಾಗಿ. ಕ್ರಿಸ್‌ಮಸ್ ಹಿಂದಿನ ಆ ರಾತ್ರಿಯನ್ನು ಅವರು 'ಲಾ ವಿಜಿಲಿಯಾ' ಎನ್ನುತ್ತಾರೆ. ಅಂದು ದಕ್ಷಿಣ ಇಟಲಿಯ ಮನೆಗಳಲ್ಲಿ ಮಾಂಸ ಬೇಯುವುದಿಲ್ಲ.

ಇದರ ಹಿಂದೆ ಇರುವುದು ವ್ರತ. 1917ರಲ್ಲಿ ಪ್ರಕಟವಾದ ಕ್ಯಾಥೊಲಿಕ್ ಧರ್ಮಸಂಹಿತೆ ಕ್ರಿಸ್‌ಮಸ್ ಹಿಂದಿನ ದಿನವನ್ನು ಉಪವಾಸಕ್ಕೂ ಮಾಂಸ ಬಿಡುವುದಕ್ಕೂ ಗೊತ್ತುಮಾಡಿತ್ತು. ಆಚರಣೆ ಅದಕ್ಕಿಂತ ಎಷ್ಟೋ ಹಳೆಯದು. ಮೀನಿಗೆ ನಿಷೇಧವಿರಲಿಲ್ಲವಾದ್ದರಿಂದ ಕಡಲ ತೀರದ ಜನ ಮೀನಿನಲ್ಲೇ ತಮ್ಮ ಕೈಚಳಕವನ್ನೆಲ್ಲ ತೋರಿಸಿದರು. ನಮ್ಮಲ್ಲಿ ಏಕಾದಶಿಯ ಫಳಾರ ಅವಲಕ್ಕಿ, ಸಜ್ಜಿಗೆ, ರಸಾಯನಗಳಾಗಿ ಬೆಳೆದು ಎಷ್ಟೋ ಮನೆಗಳಲ್ಲಿ ಮಕ್ಕಳು ಕಾಯುವ ಊಟವಾಗಿರುವಂತೆ ಅಲ್ಲಿಯೂ ವ್ರತದ ಊಟವೇ ಹಬ್ಬದೂಟವಾಯಿತು. 1966ರಲ್ಲಿ ಪೋಪ್ ಆರನೇ ಪೌಲ್ ಉಪವಾಸದ ನಿಯಮಗಳನ್ನು ಸಡಿಲಿಸಿದಾಗ ಆ ದಿನದ ಕಡ್ಡಾಯ ಹೋಯಿತು. ಊಟ ಮಾತ್ರ ಉಳಿಯಿತು. ಮರುವಾಯಿಯ ಬಳಗಕ್ಕೆ ಸೇರಿದ ಚಿಪ್ಪುಗಳನ್ನು ಹಾಕಿದ ಸ್ಪಗೆಟಿ, ಉಪ್ಪು ಹಚ್ಚಿ ಒಣಗಿಸಿದ ಕಾಡ್ ಮೀನನ್ನು ನೆನೆಸಿ ಕರಿದದ್ದು, ಹೂಕೋಸು, ಆಲಿವ್ ಮತ್ತು ಉಪ್ಪುಮೀನಿನ ಒಂದು ಹುಳಿ ಸಲಾಡ್, ಹುರಿದ ಹಾವುಮೀನು. ಇವೆಲ್ಲಕ್ಕೂ ಮೊದಲು ಎಷ್ಟೋ ಮನೆಗಳಲ್ಲಿ ಮೇಜಿಗೆ ಬರುವುದು 'ಇನ್ಸಲಾತಾ ದಿ ಮಾರೆ', ಕಡಲಿನ ಸಲಾಡ್.

ನಾನು ಇಲ್ಲಿ ಹೇಳಹೊರಟಿರುವುದು ಅದರ ಬಗ್ಗೆಯೇ. ಹದವಾಗಿ ಬೇಯಿಸಿ ತಣಿಸಿದ ಸ್ಕ್ವಿಡ್, ಆಕ್ಟೋಪಸ್, ಸಿಗಡಿ, ಚಿಪ್ಪಿನಿಂದ ಬಿಡಿಸಿದ ಮಸ್ಸೆಲ್. ಜೊತೆಗೆ ತೆಳ್ಳಗೆ ಹೆಚ್ಚಿದ ಸೆಲರಿ, ಪಾರ್ಸ್ಲಿ ಸೊಪ್ಪು, ಆಲಿವ್ ಎಣ್ಣೆ, ನಿಂಬೆರಸ, ಉಪ್ಪು, ಕಾಳುಮೆಣಸಿನ ಪುಡಿ. ಅಷ್ಟೇ ಸಾಮಗ್ರಿ. ನೋಡಲು ಇಷ್ಟು ಸರಳವಾದ ತಿನಿಸು ಹಬ್ಬದ ಮೇಜಿನ ಮೊದಲ ಸ್ಥಾನವನ್ನು ಹೇಗೆ ಪಡೆಯಿತು ಎಂದರೆ, ಅದರಲ್ಲಿ ಹಾಕಿದ ಪ್ರತಿಯೊಂದು ಜೀವಿಗೂ ಬೇರೆ ಬೇರೆ ಬೆಂಕಿ, ಬೇರೆ ಬೇರೆ ಹೊತ್ತು ಬೇಕು. ಒಂದೊಂದನ್ನೂ ಅದರದರ ಹದದಲ್ಲಿ ನಿಲ್ಲಿಸಿದವರ ಕೈಯಲ್ಲಿ ಮಾತ್ರ ಅದು ಸೊಗಸಾಗುತ್ತದೆ.

1880ರಿಂದ 1920ರ ದಶಕದ ಮೊದಲ ವರ್ಷಗಳವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕ ಸೇರಿದರು. ಹೆಚ್ಚಿನವರು ದಕ್ಷಿಣದ ಬಡ ಪ್ರದೇಶಗಳವರು. ಅವರ ಮೊಮ್ಮಕ್ಕಳು ಇಂದು 'ಏಳು ಮೀನುಗಳ ಹಬ್ಬ' ಎಂದು ಆಚರಿಸುವುದು ವಿಜಿಲಿಯಾದ ಇದೇ ಊಟವನ್ನು. ಏಳು ಏಕೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ಒಂಬತ್ತು, ಹದಿಮೂರು ಬಗೆ ಮಾಡುವ ಮನೆಗಳೂ ಇವೆ. ಸ್ಪೇನ್‌ನಲ್ಲಿ ಈ ಸಲಾಡಿನದೇ ದಾಯಾದಿಯಾದ 'ಸಾಲ್ಪಿಕಾನ್' ಇದೆ, ಅದಕ್ಕೆ ದಪ್ಪಮೆಣಸು, ಈರುಳ್ಳಿ, ವಿನೆಗರ್ ಬೀಳುತ್ತದೆ. ಕ್ರಿಸ್‌ಮಸ್ ಬಿರುಬೇಸಗೆಯಲ್ಲಿ ಬರುವ ಆಸ್ಟ್ರೇಲಿಯದಲ್ಲಂತೂ ತಣ್ಣನೆಯ ಸಿಗಡಿಯಿಲ್ಲದೆ ಹಬ್ಬವೇ ಇಲ್ಲ. ಸಿಡ್ನಿಯ ಮೀನು ಮಾರುಕಟ್ಟೆ ಹಬ್ಬದ ಮುನ್ನ ಎಡೆಬಿಡದೆ 36 ತಾಸು ತೆರೆದಿರುವ ಪದ್ಧತಿಯಿದೆ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಹೊಸ ವಿಷಯವಲ್ಲ.

ಸಿಡ್ನಿಯ ಮಾತು ಬಂದಾಗ ನಮ್ಮ ಕರಾವಳಿಯನ್ನು ನೆನೆಯದಿರಲಾಗದು. ಮಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ಕ್ರಿಸ್‌ಮಸ್ ದಿನ ಕ್ಯಾಥೊಲಿಕ್ ಮನೆಗಳಲ್ಲಿ ಸನ್ನ, ಹಂದಿಮಾಂಸದ ಬಫಾತ್, ಕೋಳಿ, ಅದಕ್ಕೂ ಮೊದಲು ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ. ಎಲ್ಲವೂ ರುಚಿಯೇ. ಆದರೆ ಸೆಕೆಯ ಮಧ್ಯಾಹ್ನ ಬಂದ ನೆಂಟರಿಗೆ ಆ ಬಿಸಿ, ಖಾರ, ಜಿಡ್ಡಿನ ಊಟಕ್ಕೆ ಮುನ್ನ ತಣ್ಣಗೆ, ಹುಳಿಯಾಗಿ, ಹಗುರವಾಗಿ ನಾಲಿಗೆಯನ್ನು ಎಬ್ಬಿಸುವ ಒಂದು ತಟ್ಟೆಗೆ ಅಲ್ಲಿ ಜಾಗವಿದೆ.

ಸರಕು ಕೂಡ ನಮ್ಮಲ್ಲೇ ಇದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಡಿಸೆಂಬರಿನಲ್ಲಿ ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರಗಳಲ್ಲಿ ಬೋಟುಗಳು ಸಾಲುಗಟ್ಟಿ ಬಂದು ನಿಲ್ಲುತ್ತವೆ. ಬೊಂಡಾಸ್ ಎಂದು ನಾವು ಕರೆಯುವ ಸ್ಕ್ವಿಡ್, ಕಪ್ಪೆ ಬೊಂಡಾಸ್ ಎಂದು ಮೀನುಗಾರರು ಹೇಳುವ ಕಟಲ್‌ಫಿಶ್ ಎರಡೂ ಅಲ್ಲಿ ಇಳಿಯುತ್ತವೆ. ಬಹುಪಾಲು ಅಲ್ಲಿಂದಲೇ ಐಸ್ ಹಾಕಿಸಿಕೊಂಡು ಸಂಸ್ಕರಣೆಯ ಕಾರ್ಖಾನೆಗಳಿಗೆ ಹೋಗುತ್ತವೆ, ಅಲ್ಲಿಂದ ಹಡಗು ಹತ್ತುತ್ತವೆ. ಭಾರತದ ಬೊಂಡಾಸಿಗೆ ಯುರೋಪಿನಲ್ಲಿ ಸ್ಪೇನ್, ಇಟಲಿಗಳೇ ದೊಡ್ಡ ಗಿರಾಕಿಗಳು. ಅರಬ್ಬಿ ಸಮುದ್ರದ ಬೊಂಡಾಸ್ ವಿಜಿಲಿಯಾ ಮೇಜಿನ ಮೇಲೆ ಉಂಗುರ ಉಂಗುರವಾಗಿ ಹೊಳೆಯುವುದು ಸಾಧ್ಯವಿರುವಾಗ, ಅದೇ ದರ್ಜೆಯ ಬೊಂಡಾಸಿನಲ್ಲಿ ಸ್ವಲ್ಪವಾದರೂ ನಮ್ಮ ಹಬ್ಬದ ಮೇಜಿಗೂ ಬರಲಿ ಎಂಬುದು ನನ್ನ ಆಸೆ. ಬೊಂಡಾಸ್ ಸುಕ್ಕ, ಗೀ ರೋಸ್ಟ್‌ಗಳ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಅಲ್ಲಿ ನಮ್ಮ ನಾಲಿಗೆಗೆ ಸಿಗುವುದು ಹೆಚ್ಚಾಗಿ ಮಸಾಲೆ. ಬೊಂಡಾಸಿನ ಸ್ವಂತ ರುಚಿ, ಆ ತೆಳು ಸಿಹಿ, ಕಡಲ ನೀರಿನ ಆ ಒಂದು ಎಳೆ, ಈ ಸಲಾಡಿನಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗದು.

ಮಸಾಲೆ ಇಲ್ಲವೆಂದರೆ ಮುಚ್ಚಿಡಲು ಜಾಗವೂ ಇಲ್ಲ. ಹಾಗಾಗಿ ಅರ್ಧ ಅಡುಗೆ ಮೀನು ಮಾರುಕಟ್ಟೆಯಲ್ಲೇ ಮುಗಿಯುತ್ತದೆ.

ಕೊಳ್ಳುವಾಗ

"ಅಕ್ಕ, ಬೊಂಡಾಸ್ ಇವತ್ತಿನದ್ದಾ?" ಎಂದು ಕೇಳಿದರೆ "ಬೆಳಿಗ್ಗೆ ಬಂದದ್ದು ಮಾರಾಯ್ರೆ, ಮುಟ್ಟಿ ನೋಡಿ" ಎಂದೇ ಉತ್ತರ ಬರುತ್ತದೆ. ಮುಟ್ಟಿ ನೋಡಲೇಬೇಕು. ತಾಜಾ ಬೊಂಡಾಸಿನ ಮೈ ಬಿಗಿಯಾಗಿ, ಒದ್ದೆ ಗಾಜಿನಂತೆ ಮಂಜುಮಂಜಾಗಿರುತ್ತದೆ; ಚರ್ಮದ ಮೇಲಿನ ಕಂದು-ನೇರಳೆ ಚುಕ್ಕೆಗಳು ಬಿಡಿಬಿಡಿಯಾಗಿ ಎಣಿಸುವಂತಿರುತ್ತವೆ. ಹಳತಾದಂತೆ ಆ ಬಣ್ಣ ಕಲಸಿಹೋಗಿ ಬಿಳಿ ಮಾಂಸದ ಮೇಲೆ ಗುಲಾಬಿ ಛಾಯೆ ಹರಡುತ್ತದೆ. ಗುಲಾಬಿ ಕಂಡರೆ ಮುಂದಿನ ಬುಟ್ಟಿಗೆ ಹೋಗಿ. ಸಲಾಡಿಗೆ ಅಂಗೈ ಉದ್ದದವು ಸಾಕು. ದೊಡ್ಡವು ಸುಕ್ಕಕ್ಕೆ ಒಳ್ಳೆಯವು. ಶುಚಿ ಮಾಡಿಸಿಕೊಳ್ಳುವಾಗ ತಲೆಯ ಜೊತೆ ಕರುಳು, ಶಾಯಿಯ ಚೀಲ, ಒಳಗಿನ ಪಾರದರ್ಶಕ ಕಡ್ಡಿ, ಬಾಯಿಯ ಕೊಕ್ಕು ಎಲ್ಲ ತೆಗೆಸಿ, ಕೈಗಳ ಗೊಂಚಲನ್ನು ಮಾತ್ರ ಕೇಳಿ ಪಡೆಯಿರಿ. ಆ ಪುಟ್ಟ ಗೊಂಚಲುಗಳೇ ತಟ್ಟೆಗೆ ಅಂದ. ಮೇಲಿನ ಚರ್ಮವನ್ನು ಮನೆಯಲ್ಲಿ ಬೆರಳಿನಿಂದಲೇ ಸುಲಿಯಬಹುದು.

ಸಿಗಡಿಯ ವಿಷಯದಲ್ಲಿ ತಲೆಯನ್ನು ನೋಡಿ. ತಲೆಯಲ್ಲಿರುವ ಜೀರ್ಣಾಂಗದ ಕಿಣ್ವಗಳು ಸಿಗಡಿ ಸತ್ತ ಮೇಲೆ ಮೈಯ ಮಾಂಸವನ್ನೇ ಕರಗಿಸತೊಡಗುತ್ತವೆ. ತಲೆ ಜೋತುಬಿದ್ದಿದ್ದರೆ, ಕತ್ತಿನ ಬಳಿ ಮಾಂಸ ಮೆತ್ತಗಾಗಿದ್ದರೆ ಅದನ್ನು ಎಷ್ಟು ಜಾಗ್ರತೆಯಿಂದ ಬೇಯಿಸಿದರೂ ಹಿಟ್ಟು ಹಿಟ್ಟೇ. ಕೊಂಡ ಕೂಡಲೇ ತಲೆ ತೆಗೆಸುವುದು ಈ ಕಾರಣಕ್ಕೆ. ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಕೊಳದಲ್ಲಿ ಸಾಕಿದ ವನ್ನಮೈ ಸಿಗಡಿ. ಪೆಸಿಫಿಕ್ ತೀರದ ಈ ತಳಿಯ ಸಾಕಣೆಗೆ ನಮ್ಮಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು, ಇಂದು ದೇಶದ ಸಿಗಡಿ ರಫ್ತಿನ ಬೆನ್ನೆಲುಬೇ ಅದು. ರುಚಿಯಲ್ಲಿ ಕಡಲ ಸಿಗಡಿಯ ಸಮಕ್ಕೆ ಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಎಲ್ಲವೂ ಒಂದೇ ಗಾತ್ರವಿರುವುದರಿಂದ ಒಟ್ಟಿಗೆ ಬೇಯುತ್ತವೆ, ಅದು ಸಣ್ಣ ಅನುಕೂಲವೇನಲ್ಲ. ಹಿಡಿದ ಕೂಡಲೇ ಹೆಪ್ಪುಗಟ್ಟಿಸಿದ ಸಿಗಡಿ ಮೂರು ದಿನ ಐಸಿನಲ್ಲಿ ಕುಳಿತ 'ತಾಜಾ' ಸಿಗಡಿಗಿಂತ ಎಷ್ಟೋ ಮೇಲು. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಟ್ಟು ಕರಗಿಸಿ, ಬಿಸಿನೀರಿಗೆ ಹಾಕಬೇಡಿ.

ಮಸ್ಸೆಲ್ ಅಂದರೆ ನಮ್ಮ ನೀಲಿಕಲ್ಲು. ಬಂಡೆಗೆ ಅಂಟಿಕೊಂಡು ಬೆಳೆಯುವ ಈ ಹಸಿರು ಅಂಚಿನ ಚಿಪ್ಪು ಸಿಗದಿದ್ದರೆ ಮರುವಾಯಿ ಆಗುತ್ತದೆ. ಉತ್ತರ ಕನ್ನಡದವರಿಗೆ ಅಘನಾಶಿನಿ ಅಳಿವೆಯ ಬಳಚು ಇದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯ ಕೆಸರಿನಲ್ಲಿ ಚಿಪ್ಪು ಹೆಕ್ಕುವುದು ಎಷ್ಟೋ ಕುಟುಂಬಗಳ ಜೀವನೋಪಾಯ. ಈ ಜೀವಿಗಳು ನೀರನ್ನು ಸೋಸಿ ಬದುಕುವಂಥವು. ನೀರಿನ ಹೊಲಸೂ ಅವುಗಳ ಮೈಯಲ್ಲಿ ಸೇರುತ್ತದೆ. ಊರಿನ ಚರಂಡಿ ಸೇರುವ ನದಿಬಾಯಿಯವು ಬೇಡವೇ ಬೇಡ. ತಂದವನ್ನು ಉಪ್ಪುನೀರಿನಲ್ಲಿ ಕೆಲವು ತಾಸು ಬಿಟ್ಟರೆ ಮರಳು ಉಗುಳುತ್ತವೆ. ಬಾಯಿ ಬಿಟ್ಟದ್ದನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಂಡರೆ ಜೀವವಿದೆ, ಮುಚ್ಚಿಕೊಳ್ಳದಿದ್ದರೆ ಎಸೆಯಿರಿ. ಆಕ್ಟೋಪಸ್ ಸಿಕ್ಕಿದರೆ ಅದೃಷ್ಟ, ಸಿಗದಿದ್ದರೆ ಅದಿಲ್ಲದೆಯೂ ಸಲಾಡ್ ಪೂರ್ಣ. ಏಡಿಯನ್ನು ನಾನು ಸೇರಿಸುವುದಿಲ್ಲ. ಬಿಡಿಸುವ ಶ್ರಮಕ್ಕೆ ತಕ್ಕ ಮಾಂಸ ಸಿಗುವುದಿಲ್ಲ, ಎಣ್ಣೆಯಲ್ಲಿ ಕಲಸುವಾಗ ಅದು ಎಳೆಯೆಳೆಯಾಗಿ ಚದುರುತ್ತದೆ.

ಎಂಟು ಜನರಿಗೆ ಮೊದಲ ತಟ್ಟೆಯಾಗಿ ಕೊಡುವುದಾದರೆ ಚಿಪ್ಪು ಸಮೇತ ಮುಕ್ಕಾಲು ಕಿಲೋ ಸಿಗಡಿ, ಮುಕ್ಕಾಲು ಕಿಲೋ ಬೊಂಡಾಸ್, ಒಂದು ಕಿಲೋ ನೀಲಿಕಲ್ಲು ಸಾಕು. ಚಿಪ್ಪು, ತಲೆ, ಕರುಳು ಕಳೆದ ಮೇಲೆ ಇದೆಲ್ಲ ಎಷ್ಟು ಇಳಿಯುತ್ತದೆ ಎಂಬುದು ಮೀನು ತಿನ್ನುವವರಿಗೆ ಹೇಳಬೇಕಾಗಿಲ್ಲ.

ಬೆಂಕಿಯ ಲೆಕ್ಕ

ಮೊದಲು ಒಂದು ಪರಿಮಳದ ನೀರು ಮಾಡಿಕೊಳ್ಳಬೇಕು. ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು, ಒಂದು ಪಲಾವ್ ಎಲೆ, ಹತ್ತು ಹನ್ನೆರಡು ಕಾಳುಮೆಣಸು, ನಿಂಬೆಯ ಹಳದಿ ಸಿಪ್ಪೆಯ ಒಂದೆರಡು ಪಟ್ಟಿ, ಸೆಲರಿಯ ಎಲೆ. ಸಿಗಡಿಯ ತಲೆ ಮತ್ತು ಚಿಪ್ಪನ್ನೂ ಇದಕ್ಕೇ ಹಾಕಿ ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಕೊಂಡರೆ ಮುಂದಿನದೆಲ್ಲ ಆ ರಸದಲ್ಲೇ ಬೇಯುತ್ತದೆ. ಉಪ್ಪಿನ ವಿಷಯದಲ್ಲಿ ಕೈ ಹಿಡಿಯಬೇಡಿ. ಕಡಲ ಜೀವಿಗಳು ಹೊರಗಿನ ಉಪ್ಪುನೀರಿಗೆ ಸಮತೂಕವಾಗಿ ತಮ್ಮ ಜೀವಕೋಶಗಳಲ್ಲಿ ಗ್ಲೈಸಿನ್ ಮೊದಲಾದ ಅಮೈನೋ ಆಮ್ಲಗಳನ್ನು ತುಂಬಿಕೊಂಡಿರುತ್ತವೆ. ಸಿಗಡಿಯ ಸಿಹಿ ಬರುವುದು ಅದರಿಂದ. ಸಪ್ಪೆ ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಆ ಸಿಹಿ ನೀರಿನ ಪಾಲಾಗುತ್ತದೆ.

ಸಿಗಡಿಗೆ ಕುದಿಯುವ ನೀರು ಬೇಡ. ರಸ ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಬೆನ್ನಿನ ಕಪ್ಪು ಕರುಳು ತೆಗೆದ ಸಿಗಡಿ ಹಾಕಿ ಮುಚ್ಚಳ ಮುಚ್ಚಿ. ಮಧ್ಯಮ ಗಾತ್ರದವಾದರೆ ಮೂರು ನಿಮಿಷದ ಆಸುಪಾಸು. ಹಸಿ ಸಿಗಡಿಯ ಬೂದು ಬಣ್ಣದಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣಕ ಒಂದು ಪ್ರೋಟೀನಿಗೆ ಕಟ್ಟುಬಿದ್ದು ಅಡಗಿರುತ್ತದೆ. ಬಿಸಿಗೆ ಆ ಪ್ರೋಟೀನ್ ಸಡಿಲವಾದಾಗ ಕೆಂಪು ಹೊರಬರುತ್ತದೆ. ಆದ್ದರಿಂದ ಬಣ್ಣ ಬಂದ ಮಾತ್ರಕ್ಕೆ ಒಳಗೆ ಬೆಂದಿದೆ ಎಂದಲ್ಲ. ಒಂದನ್ನು ಎತ್ತಿ ಅತಿ ದಪ್ಪನೆಯ ಜಾಗದಲ್ಲಿ ಕತ್ತರಿಸಿ ನೋಡಿ. ನಡುವಿನ ಗಾಜುತನ ಹೋಗಿ ಪೂರ್ತಿ ಬೆಳ್ಳಗಾದ ಕ್ಷಣವೇ ಹದ. ಮೈ ಸುತ್ತಿಕೊಂಡು ಉಂಗುರವಾಗುವವರೆಗೆ ಬಿಟ್ಟರೆ ಮೀರಿತೆಂದು ತಿಳಿಯಿರಿ.

ಬೊಂಡಾಸಿಗೆ ಒಂದೇ ನಿಮಿಷ. ಈ ಮಾತನ್ನು ನಂಬಲು ಬಹಳ ಜನಕ್ಕೆ ಕಷ್ಟ. ಅರ್ಧ ಬೆರಳಗಲದ ಉಂಗುರಗಳಾಗಿ ಕತ್ತರಿಸಿ, ಮತ್ತೆ ಕುದಿಗೆ ತಂದ ರಸಕ್ಕೆ ಹಾಕಿ ಮನಸ್ಸಿನಲ್ಲಿ ಅರವತ್ತು ಎಣಿಸುವಷ್ಟರಲ್ಲಿ ಜರಡಿ ಸೌಟಿನಿಂದ ಎತ್ತಬೇಕು. ಬೊಂಡಾಸಿನ ಸ್ನಾಯುವಿನ ಎಳೆಗಳು ಬಹಳ ಸಣ್ಣವು, ಪದರ ಪದರವಾಗಿ ಅಡ್ಡಡ್ಡ ಹೆಣೆದುಕೊಂಡಿರುತ್ತವೆ, ಅವುಗಳನ್ನು ಕಟ್ಟಿಹಾಕುವ ಕೊಲಾಜೆನ್ ಮೀನಿನಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಬಿಸಿ ತಾಗಿದ ಸ್ವಲ್ಪ ಹೊತ್ತಿಗೆ ಮಾಂಸ ಬೆಳ್ಳಗಾಗಿ ಮೆತ್ತಗಿರುತ್ತದೆ. ಬಿಸಿ ಇನ್ನೂ ಒಳಗೆ ಇಳಿದಂತೆ ಕೊಲಾಜೆನ್ ಸುರುಟಿಕೊಂಡು ಎಲ್ಲವನ್ನೂ ಹಿಂಡುತ್ತದೆ. ರಬ್ಬರಿನಂತಾಗುವುದು ಆಗ. ಅಲ್ಲಿಂದ ಮತ್ತೆ ಮೆತ್ತಗಾಗಬೇಕಾದರೆ ಆ ಕೊಲಾಜೆನ್ ಕರಗಿ ಜೆಲಾಟಿನ್ ಆಗುವವರೆಗೆ, ಅಂದರೆ ಮುಕ್ಕಾಲು ಗಂಟೆಯವರೆಗೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ನಮ್ಮ ಸುಕ್ಕದ ಹಿರಿಯ ಕೈಗಳಿಗೆ ಈ ಎರಡನೇ ದಾರಿ ಗೊತ್ತು. ಸಲಾಡಿಗೆ ಬೇಕಾದ್ದು ಮೊದಲನೆಯದು. ನಡುವಿನ ಐದು, ಹತ್ತು, ಹದಿನೈದು ನಿಮಿಷಗಳಲ್ಲಿ ಬೊಂಡಾಸಿಗೆ ಒಳ್ಳೆಯದಾಗುವುದು ಏನೂ ಇಲ್ಲ. ಹೋಟೆಲುಗಳಲ್ಲಿ ಅಗಿದು ಅಗಿದು ದವಡೆ ಸೋತು 'ನನಗೆ ಬೊಂಡಾಸ್ ಆಗುವುದಿಲ್ಲ' ಎಂದು ತೀರ್ಮಾನಿಸಿದವರಿಗೆ ಸಿಕ್ಕಿದ್ದು ಹೆಚ್ಚಾಗಿ ಈ ನಡುವಿನ ಬೊಂಡಾಸೇ. ಅಂಥವರಿಗೆ ಹಬ್ಬದ ದಿನ ಒಂದು ನಿಮಿಷದ ಬೊಂಡಾಸ್ ಬಡಿಸುವುದಕ್ಕಿಂತ ದೊಡ್ಡ ಉಪಚಾರವಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೈಗಳ ಗೊಂಚಲಿಗೆ ಮಾತ್ರ ಇನ್ನೊಂದರ್ಧ ನಿಮಿಷ ಕೊಡಿ.

ಆಕ್ಟೋಪಸ್ ಸಿಕ್ಕಿದ್ದರೆ ಅದಕ್ಕೆ ಬೇರೆ ಪಾತ್ರೆ, ಪೂರಾ ಎರಡನೇ ದಾರಿ. ಒಂದು ಕಿಲೋದ್ದಕ್ಕೆ ಮುಕ್ಕಾಲರಿಂದ ಒಂದು ಗಂಟೆ, ನೀರು ಬರೀ ಅಲುಗುವಷ್ಟು ಉರಿ. ಆಕ್ಟೋಪಸ್ ತನ್ನ ನೀರಿನಲ್ಲೇ ಬೇಯಬೇಕು ಎಂಬುದು ನೇಪಲ್ಸಿನವರ ಗಾದೆ. ತಾನಾಗಿಯೇ ದಾರಿಗೆ ಬರುವವರೆಗೆ ಕಾಯಬೇಕಾದ ಹಟಮಾರಿ ಮನುಷ್ಯರ ಬಗ್ಗೆಯೂ ಅವರು ಅದನ್ನು ಹೇಳುತ್ತಾರೆ. ಅಡುಗೆಯಲ್ಲೂ ಅದು ಅಕ್ಷರಶಃ ನಿಜ. ಆಕ್ಟೋಪಸ್ ಎಷ್ಟು ರಸ ಬಿಡುತ್ತದೆಂದರೆ ತಳದಲ್ಲಿ ಸ್ವಲ್ಪ ನೀರಿದ್ದರೂ ಸಾಕಾಗುತ್ತದೆ. ಬೆಂದ ಮೇಲೆ ಆ ರಸದಲ್ಲೇ ಆರಲು ಬಿಟ್ಟರೆ ಚರ್ಮ ಕಳಚುವುದಿಲ್ಲ.

ನೀಲಿಕಲ್ಲಿಗೆ ನೀರೇ ಬೇಡ. ದಪ್ಪ ತಳದ ಪಾತ್ರೆ ಚೆನ್ನಾಗಿ ಕಾದ ಮೇಲೆ ಸುರಿದು ಮುಚ್ಚಿದರೆ ಮೂರು ನಾಲ್ಕು ನಿಮಿಷದಲ್ಲಿ ಬಾಯಿ ಬಿಟ್ಟು ತಮ್ಮ ರಸದಲ್ಲೇ ಬೇಯುತ್ತವೆ. ಬಾಯಿ ಬಿಟ್ಟವನ್ನು ಒಂದೊಂದಾಗಿ ಎತ್ತಿಕೊಳ್ಳಿ, ಎಲ್ಲವೂ ತೆರೆಯಲಿ ಎಂದು ಕಾದರೆ ಮೊದಲು ತೆರೆದವು ಒಣಗುತ್ತವೆ. ಕೊನೆಯವರೆಗೂ ತೆರೆಯದವನ್ನು ಬಿಡಿ. ತಳದಲ್ಲಿ ಉಳಿದ ಬೂದು ರಸವನ್ನು ತೆಳು ಬಟ್ಟೆಯಲ್ಲಿ ಸೋಸಿ ಎತ್ತಿಡಿ. ಡ್ರೆಸ್ಸಿಂಗಿಗೆ ಅದರ ಎರಡು ಚಮಚ ಸೇರಿಸಿದರೆ ಬೇರೆ ಯಾವ ಪುಡಿಯೂ ಕೊಡಲಾಗದ ಆಳ ಬರುತ್ತದೆ.

ಬೆಂದದ್ದನ್ನು ಐಸ್ ನೀರಿಗೆ ಹಾಕುವ ಪದ್ಧತಿ ಹೋಟೆಲಿನವರದು. ಹಾಗೆ ಮಾಡಿದರೆ ಬೇಯುವುದು ನಿಲ್ಲುತ್ತದೆ ನಿಜ, ಜೊತೆಗೆ ಉಪ್ಪೂ ರುಚಿಯೂ ತೊಳೆದುಹೋಗುತ್ತವೆ. ಅಗಲವಾದ ಸ್ಟೀಲ್ ಹರಿವಾಣವನ್ನು ಐಸ್ ತುಂಡುಗಳ ಮೇಲೆ ಇಟ್ಟು, ಅದರಲ್ಲಿ ಒಂದೇ ಪದರವಾಗಿ ಹರಡುವುದು ನನಗೆ ಒಪ್ಪಿಗೆಯಾದ ಕ್ರಮ. ನಮ್ಮ ಸೆಕೆಯ ಅಡುಗೆಮನೆಗಳಲ್ಲಿ ರಾಶಿ ಹಾಕಿ ಬಿಟ್ಟರೆ ರಾಶಿಯ ಬಿಸಿಗೇ ಮತ್ತೆರಡು ನಿಮಿಷ ಬೇಯುತ್ತದೆ.

ಎಣ್ಣೆ, ಹುಳಿ, ತಟ್ಟೆ

ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ಎಣ್ಣೆ ಬೀಳಬೇಕು. ತಣ್ಣಗಾದ ಮೇಲೆ ಹಾಕಿದ್ದು ಮೇಲೆಯೇ ಜಾರುತ್ತದೆ. ಕರಾವಳಿಯ ಕೈ ಇಲ್ಲಿ ತಾನಾಗಿಯೇ ತೆಂಗಿನೆಣ್ಣೆಯ ಕಡೆ ಹೋಗುತ್ತದೆ, ಮೀನಿಗೆ ಅದಕ್ಕಿಂತ ಒಗ್ಗುವ ಎಣ್ಣೆ ಇಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಿಂದ ತೆಗೆದಾಗ ಸಿಗಡಿಯ ಮೇಲೆ ಮೇಣ ಮೆತ್ತಿದಂತೆ ಬಿಳಿ ಪದರ ಕೂತಿರುತ್ತದೆ. ತಣ್ಣನೆಯ ತಿನಿಸಿಗೆ ಆಲಿವ್ ಎಣ್ಣೆಯೇ ಸರಿ. ಅದೂ ಫ್ರಿಜ್ಜಿನಲ್ಲಿ ಮಬ್ಬಾಗುತ್ತದೆ, ಹೊರಗಿಟ್ಟ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ನೂರು ಮಿಲಿಲೀಟರ್ ಎಣ್ಣೆಗೆ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಅರ್ಧ ಗಂಟೆ ಬಿಟ್ಟು, ಎಸಳನ್ನು ತೆಗೆದುಬಿಡಿ. ವಾಸನೆ ಉಳಿದರೆ ಸಾಕು.

ಹುಳಿಯನ್ನು ಎರಡು ಕಂತಿನಲ್ಲಿ ಕೊಡುವುದು ಮುಖ್ಯ. ಕಡಲ ಜೀವಿಗಳಿಗೆ ಸತ್ತ ಮೇಲೆ ಬರುವ ಮೀನುವಾಸನೆಯ ಅಮೈನುಗಳನ್ನು ನಿಂಬೆಯ ಆಮ್ಲ ಕಟ್ಟಿಹಾಕುತ್ತದೆ. ಮೀನಿಗೆ ನಿಂಬೆ ಹಿಂಡುವ ಅಭ್ಯಾಸ ಲೋಕದ ತುಂಬ ಇರುವುದು ಸುಮ್ಮನೆ ಅಲ್ಲ. ಆದರೆ ಅದೇ ಆಮ್ಲ ರಾತ್ರಿಯಿಡೀ ಇದ್ದರೆ ಸಿಗಡಿಯ ಪ್ರೋಟೀನನ್ನು ಮತ್ತಷ್ಟು ಬಿಗಿಮಾಡಿ ಪುಡಿಪುಡಿಯಾಗಿಸುತ್ತದೆ, ಸೊಪ್ಪಿನ ಹಸಿರನ್ನೂ ಮಂಕಾಗಿಸುತ್ತದೆ. ಬೆಚ್ಚಗಿರುವಾಗ ಒಂದು ಚಮಚ, ಬಡಿಸುವ ಮುನ್ನ ಎರಡು ಮೂರು ಚಮಚ. ಗಜನಿಂಬೆ ಸಿಕ್ಕಿದರೆ ಅದರ ಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ತುರಿದು ಹಾಕಿ. ಇಟಲಿಯ ನಿಂಬೆಯ ಪರಿಮಳಕ್ಕೆ ನಮ್ಮ ಸಣ್ಣ ನಿಂಬೆಗಿಂತ ಅದು ಹತ್ತಿರ. ವಿನೆಗರ್ ಬೇಡ. ಹಸಿ ಈರುಳ್ಳಿಯನ್ನೂ ನಾನು ದೂರವಿಡುತ್ತೇನೆ, ಮರುದಿನಕ್ಕೆ ಅದರ ವಾಸನೆಯೇ ಯಜಮಾನ. ಸೆಲರಿ ಮಾತ್ರ ಧಾರಾಳವಾಗಿರಲಿ. ಮೆತ್ತನೆಯ ಮಾಂಸದ ನಡುವೆ ಅದರ ಕರುಂ ಕುರುಂ ಇಲ್ಲದಿದ್ದರೆ ನಾಲ್ಕು ತುತ್ತಿಗೆ ಬಾಯಿ ಬೇಸರಪಡುತ್ತದೆ. ಅದು ಸಿಗದ ಊರಿನಲ್ಲಿ ಎಳೆ ಸೌತೆಯ ತಿರುಳು ತೆಗೆದು, ಉಪ್ಪು ಸವರಿ ನೀರು ಹಿಂಡಿ ಹಾಕಬಹುದು. ಪಾರ್ಸ್ಲಿಯ ಜಾಗಕ್ಕೆ ಕೊತ್ತಂಬರಿ ಹಾಕಿದರೆ ಅದು ಬೇರೆಯೇ ತಿನಿಸಾಗುತ್ತದೆ. ಕೆಟ್ಟದ್ದೇನಲ್ಲ, ಆದರೆ ಬೊಂಡಾಸಿನ ತೆಳು ರುಚಿಯ ಮೇಲೆ ಕೊತ್ತಂಬರಿ ಏರಿ ಕೂರುತ್ತದೆ. ಮೆಣಸು ನಮ್ಮ ಮಲೆನಾಡಿನದ್ದೇ, ಬಡಿಸುವಾಗ ಕುಟ್ಟಿದ್ದು.

ಮೇಯನೇಸ್ ಬಳಸುವ ಸಲಾಡುಗಳೂ ಹಬ್ಬದ ಮೇಜುಗಳಲ್ಲಿ ಬಹಳ ಇವೆ. ನನ್ನ ಮಟ್ಟಿಗೆ ಅದು ಸುಣ್ಣ ಬಳಿದ ಹಾಗೆ. ಕೆಂಪು, ಬಿಳಿ, ನೇರಳೆ ಅಂಚು, ಹಸಿರು ಎಲ್ಲ ಒಂದೇ ಬಣ್ಣಕ್ಕೆ ಇಳಿಯುತ್ತವೆ.

ಕಲಸಿದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ತಾಸು ಇಡಿ, ಹಿಂದಿನ ರಾತ್ರಿಯೇ ಮಾಡಿದರೂ ನಡೆಯುತ್ತದೆ. ಹಬ್ಬದ ದಿನ ಮನೆಯ ಹೆಣ್ಣುಮಕ್ಕಳು ಒಲೆಯ ಮುಂದೆಯೇ ನಿಂತು, ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ತಿನ್ನುವುದನ್ನು ನಾವೆಲ್ಲ ನೋಡುತ್ತಲೇ ಬೆಳೆದಿದ್ದೇವೆ. ಹಿಂದಿನ ದಿನವೇ ಮುಗಿಸಿಡಬಹುದಾದ, ತಣ್ಣಗೇ ಬಡಿಸಬೇಕಾದ ಒಂದು ತಿನಿಸು ಅವರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸುತ್ತದೆ. ಈ ಸಲಾಡನ್ನು ನಾನು ಇಷ್ಟು ಒತ್ತಾಯದಿಂದ ಶಿಫಾರಸು ಮಾಡುವುದಕ್ಕೆ ರುಚಿಯಷ್ಟೇ ಬಲವಾದ ಕಾರಣ ಇದು.

ಬಡಿಸುವ ಹದಿನೈದು ನಿಮಿಷ ಮೊದಲು ಹೊರಗೆ ತೆಗೆದು, ತಳದಲ್ಲಿ ಸೇರಿದ ನೀರನ್ನು ಬಸಿದು, ಉಪ್ಪು-ಹುಳಿ ಮತ್ತೆ ನೋಡಿ. ತಣ್ಣಗಾದದ್ದಕ್ಕೆ ಉಪ್ಪು ಕಡಿಮೆಯೆನಿಸುತ್ತದೆ. ಆಳವಾದ ಬೋಗುಣಿಗಿಂತ ಚಪ್ಪಟೆ ಬಿಳಿ ತಟ್ಟೆ ಚೆನ್ನ. ಬೋಗುಣಿಯಲ್ಲಿ ಮೇಲಿನದು ಒಣಗಿ ಕೆಳಗಿನದು ಎಣ್ಣೆಯಲ್ಲಿ ಈಜುತ್ತದೆ. ಬೊಂಡಾಸಿನ ಉಂಗುರಗಳನ್ನು ಹರಡಿ, ಸಿಗಡಿಯನ್ನು ಅವುಗಳ ನಡುವೆ ಕೂರಿಸಿ, ಗೊಂಚಲುಗಳನ್ನು ಎತ್ತರಕ್ಕೆ ಇಟ್ಟು, ನಾಲ್ಕಾರು ನೀಲಿಕಲ್ಲುಗಳನ್ನು ಅರ್ಧ ಚಿಪ್ಪಿನಲ್ಲೇ ಅಂಚಿಗೆ ಜೋಡಿಸಿದರೆ ಬೇರೆ ಅಲಂಕಾರ ಬೇಕಿಲ್ಲ. ಟೊಮೆಟೊ ಗುಲಾಬಿ, ಕ್ಯಾರೆಟ್ ಹೂವುಗಳನ್ನು ದಯವಿಟ್ಟು ಬಿಟ್ಟುಬಿಡಿ. ಜೊತೆಗೆ ಇಟಲಿಯವರು ಗಟ್ಟಿ ಬ್ರೆಡ್ ಇಡುತ್ತಾರೆ. ಸನ್ನದ ತುಂಡಿನಿಂದ ತಟ್ಟೆಯ ಎಣ್ಣೆ-ನಿಂಬೆಯ ರಸವನ್ನು ಒರೆಸಿ ತಿಂದರೆ ಶೇಂದಿಯ ಹುದುಗಿನ ಆ ತೆಳು ಹುಳಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಕುಡಿಯಲು ಪುನರ್ಪುಳಿ ಶರಬತ್ತು, ಸಕ್ಕರೆ ಕಡಿಮೆ ಹಾಕಿ.

ಕರೆದವರಲ್ಲಿ ಚಿಪ್ಪುಜೀವಿಗಳ ಅಲರ್ಜಿ ಇರುವವರು ಇದ್ದಾರೆಯೇ ಎಂದು ಮುಂಚೆಯೇ ಕೇಳಬೇಕು. ಈ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಬೇಯಿಸಿದರೂ ನಾಶವಾಗುವುದಿಲ್ಲ. ಸಿಗಡಿ ಆಗದವರಿಗೆ ಎಷ್ಟೋ ವೇಳೆ ಏಡಿಯೂ, ಕೆಲವೊಮ್ಮೆ ಬೊಂಡಾಸೂ ಚಿಪ್ಪೂ ಆಗುವುದಿಲ್ಲ. ಅವರಿಗೆ ತಟ್ಟೆಯಿಂದ ಸಿಗಡಿಯನ್ನು ಹೆಕ್ಕಿ ತೆಗೆದು ಕೊಟ್ಟರೆ ಸಾಲದು, ಬೇರೆಯೇ ಏನಾದರೂ ಮಾಡಿ. ನಿಂಬೆರಸದಲ್ಲೇ ಹಸಿ ಮೀನು 'ಬೇಯುತ್ತದೆ' ಎನ್ನುವವರಿದ್ದಾರೆ. ಬಣ್ಣ ಬಿಳಿಯಾಗುತ್ತದೆ, ರೋಗಾಣುಗಳು ಸಾಯುತ್ತವೆಂಬ ಭರವಸೆಯಿಲ್ಲ. ನಮ್ಮ ಹವೆಯಲ್ಲಿ ಆ ಪ್ರಯೋಗ ಬೇಡ. ಬಡಿಸಿದ ಮೇಲೆ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಉಳಿದದ್ದನ್ನು ಎತ್ತಿಡಬೇಡಿ. ದೊಡ್ಡ ಮನೆತನಗಳ ಊಟವಾದರೆ ಅರ್ಧವನ್ನು ಫ್ರಿಜ್ಜಿನಲ್ಲೇ ಉಳಿಸಿಕೊಂಡು ಎರಡನೇ ಪಂಕ್ತಿಗೆ ಹೊಸ ತಟ್ಟೆ ಮಾಡುವುದು ಕ್ಷೇಮ.

ಬೇಯಿಸಿದ ರಸವನ್ನು ಚೆಲ್ಲಬೇಡಿ. ಸಿಗಡಿ ಚಿಪ್ಪು, ಸಿಗಡಿ, ಬೊಂಡಾಸ್ ಮೂರೂ ಅದರಲ್ಲಿ ಇಳಿದಿವೆ. ಸೋಸಿ, ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟರೆ 26ರ ಮಧ್ಯಾಹ್ನಕ್ಕೆ ಅದರಲ್ಲೇ ಅನ್ನ ಮಾಡಬಹುದು. ಎರಡು ಚಮಚ ತೆಂಗಿನೆಣ್ಣೆಯಲ್ಲಿ ಈರುಳ್ಳಿ, ಶುಂಠಿ, ಹಸಿಮೆಣಸು ಬಾಡಿಸಿ, ಅಕ್ಕಿ ಹುರಿದು, ಆ ರಸಕ್ಕೆ ಅರ್ಧದಷ್ಟು ನೀರು ಬೆರೆಸಿ ಹಾಕಿ. ಉಪ್ಪು ಅದರಲ್ಲೇ ಸಾಕಷ್ಟಿರುತ್ತದೆ, ಮೇಲೆ ಹಾಕುವ ಮುನ್ನ ರುಚಿ ನೋಡಿಕೊಳ್ಳಿ.